ಕೋಡಂಗಿಯ ಬೆನ್ನು ಹತ್ತಿ

ಶಿರಾಡಿ ಘಾಟಿಯ ತಿರುವುಗಳು ಮುಗಿದು ಸಕಲೇಶಪುರ ಹಿಂದಾಗುತ್ತಲೇ ಆಕಾಶ ಅಗಲವಾಗತೊಡಗುತ್ತದೆ. ಅಡಿಕೆ ತೋಟದ ಸಂದಿಯಲ್ಲಿ ಕಾಣುವಷ್ಟೇ ಆಕಾಶ ನೋಡಿ ಬೆಳೆದ ಪುತ್ತೂರು ಸೀಮೆಯ ನನಗೆ ಈ ಬಯಲೇ ಮೊದಲ ಬೆರಗು. ರಾಗಿ ಕೊಯ್ಲಾದ ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿದೆ. ಹಿತ್ತಿಲುಗಳಲ್ಲಿ ಹುಲ್ಲಿನ ಮೆದೆಗಳು ಎದ್ದಿವೆ. ಬಸ್ಸಿನ ಕಿಟಕಿ ಏನು ಮಾಡಿದರೂ ಮುಚ್ಚುತ್ತಿಲ್ಲ, ಮಾಘದ ಗಾಳಿ ಕಿವಿ ಕೊರೆಯುತ್ತಿದೆ. ನಮ್ಮ ಕಡೆ ಸ್ವೆಟರಿಗೆ ಕೆಲಸವೇ ಇಲ್ಲ. ಇಲ್ಲಿ ಬಸ್ಸು ಹತ್ತುವ ಅಜ್ಜಂದಿರಿಗೆಲ್ಲ ತಲೆಗೆ ಉಣ್ಣೆ ಟೋಪಿ, ಹೆಗಲಿಗೆ ಕಂಬಳಿ.

ಪಕ್ಕದ ಸೀಟಿನಲ್ಲಿ ನನ್ನ ಗೆಳತಿ. ರಂಗಭೂಮಿ ಕಲಿತವಳು, ಕೆಲವು ವರ್ಷಗಳಿಂದ ಮಕ್ಕಳ ವಾರ್ಡುಗಳಿಗೆ ವಿದೂಷಕಿಯಾಗಿ ಹೋಗುವುದನ್ನೇ ತನ್ನ ಕೆಲಸ ಮಾಡಿಕೊಂಡಿದ್ದಾಳೆ. ಅವಳ ತೊಡೆಯ ಮೇಲಿನ ಬಟ್ಟೆ ಚೀಲದಲ್ಲಿ ಕೆಂಪು ಸ್ಪಂಜಿನ ಮೂಗು, ಒಂದಕ್ಕೊಂದು ಜೋಡಿಯಲ್ಲದ ಎರಡು ಬೂಟು, ಸೋಪು ನೀರಿನ ಗುಳ್ಳೆ ಬಿಡುವ ಡಬ್ಬಿ, ಜಾತ್ರೆಯಲ್ಲಿ ಕೊಂಡ ಪೀಪಿ. ತನ್ನ ವಿದ್ಯೆಯನ್ನು ಅವಳು ಹೊರಗಿನ ಶಿಬಿರಗಳಲ್ಲಿ ಕಲಿತಳು. ಈಗ ಅವಳಿಗೆ ಈ ಸೀಮೆಯಲ್ಲೇ ಇರುವ ತನ್ನ ಕಸುಬಿನ ಹಿರಿಯರನ್ನು ನೋಡುವ ಆಸೆ: ಮೂಡಲಪಾಯ ಬಯಲಾಟದ ಕೋಡಂಗಿ, ಹನುಮನಾಯಕ, ತೊಗಲುಗೊಂಬೆಯ ಕಿಳ್ಳೇಕ್ಯಾತ. ಹಾಸನದಿಂದ ಅರಕಲಗೂಡು, ಅಲ್ಲಿಂದ ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ದಾರಿ ಗೊತ್ತುಮಾಡಿಕೊಂಡು ಹೊರಟಿದ್ದೇವೆ.

ಹಾಸನಕ್ಕೆ ಇಳಿದವರು ಮೊದಲು ಹಾಸನಾಂಬೆಯ ಗುಡಿಗೆ ಹೋದೆವು. ಬಾಗಿಲು ಮುಚ್ಚಿದೆ. ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ಕೆಲವೇ ದಿನ ಅದು ತೆರೆಯುವುದು. ಉಳಿದ ದಿನವೆಲ್ಲ ದೇವಿ ಒಳಗೊಬ್ಬಳೇ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮರುವರ್ಷ ತೆರೆದಾಗಲೂ ಉರಿಯುತ್ತಿರುತ್ತದೆ ಎಂಬುದು ಊರಿನ ನಂಬಿಕೆ. ನಮ್ಮ ಕಡೆಯ ದೇವರುಗಳು ದಿನಕ್ಕೆ ಮೂರು ಹೊತ್ತು ಪೂಜೆ ಕೊಳ್ಳುವವರು. ವರ್ಷವಿಡೀ ಬಾಗಿಲು ಹಾಕಿಕೊಂಡು ಕೂರುವ ದೇವಿಯನ್ನು ನಾನು ಕಂಡಿಲ್ಲ. ಆಕೆ ನಗುಮೊಗದ ತಾಯಿ ಎಂದು ಹೂವಿನಂಗಡಿಯ ಹೆಂಗಸು ಹೇಳಿದಾಗ ಗೆಳತಿ ಮುಚ್ಚಿದ ಬಾಗಿಲಿಗೇ ಕೈಮುಗಿದಳು.

ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಹೋಗಲು ಅವಳು ಮೊದಲೇ ಅನುಮತಿ ಕೇಳಿದ್ದಳು. ಮೂಗು ಹಾಕುವ ಮುನ್ನ ಮೊಣಕೈವರೆಗೆ ಕೈ ತೊಳೆಯುತ್ತಾಳೆ, ಬೂಟಿನ ತಳ ಒರೆಸುತ್ತಾಳೆ, ದಾದಿಯ ಬಳಿ ಕೂತು ಯಾವ ಹಾಸಿಗೆಯ ಮಗುವಿಗೆ ಏನಾಗಿದೆ, ಯಾರನ್ನು ನಗಿಸಬಾರದು ಎಂದು ಕೇಳಿ ತಿಳಿಯುತ್ತಾಳೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮಗುವನ್ನು ಬಿದ್ದು ಬಿದ್ದು ನಗಿಸಿದರೆ ಹೊಲಿಗೆ ಎಳೆಯುತ್ತದೆ. ಇದೆಲ್ಲ ನನಗೆ ಹೊಸದು. ನಗಿಸುವವರಿಗೂ ಇಷ್ಟು ಪಥ್ಯ ಇರುತ್ತದೆಂದು ನಾನು ಎಣಿಸಿರಲಿಲ್ಲ.

ವಾರ್ಡಿನ ಬಾಗಿಲು ತೆರೆದೇ ಇದೆ. ಆದರೂ ಅವಳು ಹೊರಗೆ ನಿಂತು ಬಾಗಿಲು ತಟ್ಟುತ್ತಾಳೆ. ಯಾರೂ ಕರೆಯುವುದಿಲ್ಲ. ಮತ್ತೆ ತಟ್ಟುತ್ತಾಳೆ. ಮೂಲೆಯ ಹಾಸಿಗೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಎಂಟು ವರ್ಷದ ಹುಡುಗ ತಲೆ ಎತ್ತಿ ನೋಡಿ ಗೋಡೆಯ ಕಡೆ ಮುಖ ತಿರುಗಿಸುತ್ತಾನೆ. ಅವಳು ಅವನ ಹತ್ತಿರ ಹೋಗುವುದೇ ಇಲ್ಲ. ಡ್ರಿಪ್ ಬಾಟಲಿಯ ಕಂಬಕ್ಕೆ ನಮಸ್ಕಾರ ಮಾಡಿ, ಅದು ಮಾತಾಡಲಿಲ್ಲವೆಂದು ಮುಖ ಸಪ್ಪೆ ಮಾಡಿಕೊಂಡು, ನೆಲದ ಮೇಲೆ ಕೂತು ಬೂಟನ್ನು ಕೈಗೆ ತೊಡಲು ಹೆಣಗುತ್ತಾಳೆ. ಬಲಗೈಗೆ ಆಗುವುದಿಲ್ಲ. ಎಡಗೈಗೂ ಆಗುವುದಿಲ್ಲ. ತಲೆಗೆ ಇಟ್ಟುಕೊಳ್ಳುತ್ತಾಳೆ, ಬೀಳುತ್ತದೆ.

"ಅದು ಕಾಲಿಗಾಕೋದು!"

ಗೋಡೆಯ ಕಡೆಯಿಂದ ಸಿಟ್ಟಿನ ದನಿ. ಅವಳು ಬೆಚ್ಚಿಬಿದ್ದು, "ಹೌದಾ ಅಣ್ಣಾ? ಯಾವ ಕಾಲಿಗೆ?" ಎನ್ನುತ್ತಾಳೆ. ಹುಡುಗ ಹೊರಳಿ ಅರ್ಧ ಎದ್ದು ಕೂರುತ್ತಾನೆ. "ಈ ಕಾಲಿಗೆ. ಅಲ್ಲ, ಆ ಕಾಲಿಗೆ. ದಾರ ಬಿಚ್ಚಕ್ಕ ಮೊದ್ಲು." ಮುಂದಿನ ಕಾಲು ಗಂಟೆ ಆ ಹುಡುಗ ಮೇಷ್ಟ್ರು, ಅವಳು ದಡ್ಡ ಶಿಷ್ಯೆ. ಪಕ್ಕದ ಹಾಸಿಗೆಗಳ ಮಕ್ಕಳೂ ಸಲಹೆ ಕೊಡತೊಡಗಿದರು. ಹುಡುಗನ ತಾಯಿ ನನ್ನ ಹತ್ತಿರ ಬಂದು, ನಿನ್ನೆಯಿಂದ ಇವನು ಬಾಯಿ ಬಿಟ್ಟದ್ದು ಇದೇ ಮೊದಲು ಎಂದರು. ಆಲೂರಿನ ಕಡೆಯವರು; ಮರದಿಂದ ಬಿದ್ದ ಮಗನನ್ನು ಹೊತ್ತು ತಂದಾಗಿನಿಂದ ಆ ಹೆಂಗಸೂ ಸರಿಯಾಗಿ ಊಟ ಮಾಡಿರಲಿಲ್ಲ.

ಇನ್ನೊಂದು ಹಾಸಿಗೆಯ ಪುಟ್ಟ ಹುಡುಗಿ ಕೆಂಪು ಮೂಗು ನೋಡಿ ಅಳಲು ಶುರು ಮಾಡಿದಳು. ಗೆಳತಿ ಆ ಕ್ಷಣವೇ ಮೂಗು ಕಿತ್ತು ಜೇಬಿಗೆ ಹಾಕಿ, ಬೆನ್ನು ತಿರುಗಿಸಿ ದೂರ ಹೋಗಿ ಕೂತಳು. ಸೂಜಿ ಬೇಡ ಎಂದರೆ ಯಾರೂ ಕೇಳುವುದಿಲ್ಲ, ಮಾತ್ರೆ ಬೇಡ ಎಂದರೂ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಮಗು ಬೇಡ ಎಂದರೆ ನಿಜವಾಗಿಯೂ ನಿಲ್ಲುವವಳು ತಾನೊಬ್ಬಳೇ ಎಂದು ಅವಳು ಆಮೇಲೆ ನನಗೆ ವಿವರಿಸಿದಳು. ನಾವು ಹೊರಡುವ ಹೊತ್ತಿಗೆ ಆ ಹುಡುಗಿಯೇ ಬೆರಳು ಚಾಚಿ ಅವಳ ಜೇಬಿನ ಕಡೆ ತೋರಿಸುತ್ತಿದ್ದಳು. ದಾದಿಯೊಬ್ಬರು, "ಉಪ್ಪಿದಾದಾ ಎಂಬಿಬಿಎಸ್ ನೋಡಿದಂಗಾಯ್ತು ಮೇಡಂ" ಎಂದು ನಕ್ಕರು. ಡ್ಯೂಟಿ ಡಾಕ್ಟರಿಗೆ ಸಿನಿಮಾಕ್ಕಿಂತ ಬೇರೆ ಲೆಕ್ಕ. ನೋವು ಇದರಿಂದ ಹೋಗುವುದಿಲ್ಲ, ಆದರೆ ಇಂಥ ದಿನ ಇಂಜೆಕ್ಷನ್ನಿಗೆ ಮಗು ತಾನಾಗಿ ಕೈ ಕೊಡುತ್ತದೆ, ಹಿಡಿದುಕೊಳ್ಳಲು ಇಬ್ಬರು ಬೇಕಾಗುವುದಿಲ್ಲ ಎಂದರು.

ಆ ಮಾತಿಗೆ ಪುರಾವೆ ಹುಡುಕಿದವರು ಜಗತ್ತಿನಲ್ಲಿ ಬಹಳ ಜನ. 1986ರಲ್ಲಿ ನ್ಯೂಯಾರ್ಕಿನ ಬಿಗ್ ಆ್ಯಪಲ್ ಸರ್ಕಸ್ಸಿನ ಮೈಕೆಲ್ ಕ್ರಿಸ್ಟೆನ್ಸನ್ ಡಾಕ್ಟರರ ಕೋಟು ತೊಟ್ಟ ವಿದೂಷಕರನ್ನು ಮಕ್ಕಳ ವಾರ್ಡುಗಳಿಗೆ ಕಳಿಸಲು ತೊಡಗಿದ. ಇಟಲಿಯ ಫ್ಲಾರೆನ್ಸಿನಲ್ಲಿ ಶಸ್ತ್ರಚಿಕಿತ್ಸೆಗೆ ಹೋಗಲಿದ್ದ 40 ಮಕ್ಕಳನ್ನು ಗಮನಿಸಿ 2005ರಲ್ಲಿ ಒಂದು ಅಧ್ಯಯನ ಬಂತು: ಅರಿವಳಿಕೆ ಕೊಡುವಾಗ ವಿದೂಷಕ ಜೊತೆಗಿದ್ದ ಮಕ್ಕಳಲ್ಲಿ ಆತಂಕ ಕಡಿಮೆ. ಆದರೆ ಅಲ್ಲಿನ ಸಿಬ್ಬಂದಿಯಲ್ಲಿ ಹೆಚ್ಚಿನವರು, ಇದರಿಂದ ಆಪರೇಷನ್ ಥಿಯೇಟರಿನ ಕೆಲಸಕ್ಕೆ ಅಡ್ಡಿ, ಮುಂದುವರಿಸುವುದು ಬೇಡ ಎಂದರು. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 24 ಪ್ರಯೋಗಗಳನ್ನು, 1612 ಮಕ್ಕಳನ್ನು ಒಟ್ಟಿಗಿಟ್ಟು ನೋಡಿದ ವಿಮರ್ಶೆಯೊಂದನ್ನು ಪ್ರಕಟಿಸಿತು. ಆತಂಕ ಇಳಿಯುತ್ತದೆ ಎಂಬುದು ಅಲ್ಲಿಯೂ ಕಂಡುಬಂತು. ನಮ್ಮ ದೇಶದಲ್ಲಿ ದೆಹಲಿಯ ಕ್ಲೌನ್ಸೆಲರ್ಸ್ ತಂಡ 2016ರಿಂದ ಈ ಕೆಲಸ ಮಾಡುತ್ತಿದೆ. ಆದರೂ ಆ ಕೈಗೆ ಹತ್ತದ ಬೂಟು, "ಹೌದಾ ಅಣ್ಣಾ" ಎಂದ ಆ ದನಿ ನನ್ನ ಮನಸ್ಸಿನಲ್ಲಿ ನಿಂತಷ್ಟು ಈ ಅಂಕಿಗಳು ನಿಲ್ಲಲಿಲ್ಲ. ಗೆಳತಿ ಮಲಗಿದ ಮಗುವಿಗಿಂತ ಕೆಳಗೆ ಹೋಗಿ ಕೂತು, ಆ ಕೋಣೆಯಲ್ಲಿ ಎಲ್ಲರಿಗಿಂತ ಕೈಲಾಗದವಳು ತಾನಾದಳು. ಆಗ ಮಗುವಿಗೆ ಏಳುವುದಕ್ಕೆ ಜಾಗ ಸಿಕ್ಕಿತು.

ರಾತ್ರಿ ಮೆಸ್ಸಿನಲ್ಲಿ ಮುದ್ದೆ, ಅವರೆಕಾಳು ಸಾರು. ಕುಚ್ಚಲಕ್ಕಿ ಅನ್ನದವನಾದ ನಾನು ಮುದ್ದೆ ಅಗಿಯುವುದನ್ನು ಕಂಡು ಬಡಿಸುವ ಹುಡುಗನಿಗೆ ತಡೆಯಲಾಗಲಿಲ್ಲ. "ಅಗೀಬೇಡಿ ಸಾರ್, ನುಂಗಿ" ಎಂದು ತಾನೇ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗುವ ಕ್ರಮ ತೋರಿಸಿದ. ಲಾಡ್ಜಿನ ಬಿಸಿನೀರು ಬೆಳಗಿನ ಐದರಿಂದ ಆರರವರೆಗೆ ಮಾತ್ರ, ಸೊಳ್ಳೆಗಳಿಗೆ ಅಂಥ ಸಮಯದ ಕಟ್ಟಳೆ ಇಲ್ಲ.

ಮಾರನೆಯ ದಿನ ಗೊರೂರು. ಹೇಮಾವತಿಗೆ ಕಟ್ಟಿದ ಅಣೆಕಟ್ಟು ಇಲ್ಲಿದೆ. ಹಿನ್ನೀರು ಬೆಳಗಿನ ಮಂಜಿನಲ್ಲಿ ಎಲ್ಲಿ ಮುಗಿಯುತ್ತದೆಂದು ಗೊತ್ತಾಗುವುದಿಲ್ಲ. ನಮ್ಮ ನೇತ್ರಾವತಿ ಕುಮಾರಧಾರೆಗಳು ಓಡುವ ನದಿಗಳು. ನಿಂತ ನದಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಕಡಿಮೆ. ಈ ಊರು ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ಕೊಟ್ಟಿತು. 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಬರೆದ ಅವರು ಗಾಂಧಿಯವರ ಹಾದಿಯಲ್ಲಿ ನಡೆದು ಸೆರೆಮನೆ ಕಂಡವರು. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ನಗುವಿನಲ್ಲಿ ಯಾರಿಗೂ ಗಾಯವಾಗುವುದಿಲ್ಲ ಎಂಬುದೇ ನನಗೆ ಬಾಲ್ಯದಿಂದ ಅವರ ಮೇಲಿನ ಪ್ರೀತಿಗೆ ಕಾರಣ. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ನಮ್ಮೆಲ್ಲರ 'ರಾಶಿ', 1942ರಿಂದ 1967ರವರೆಗೆ 'ಕೊರವಂಜಿ' ಎಂಬ ಹಾಸ್ಯ ಪತ್ರಿಕೆ ನಡೆಸಿದರು. ರೋಗಿಯ ನಾಡಿ ಹಿಡಿಯುವ ಕೈಯೇ ನಗೆಬರಹ ತಿದ್ದುತ್ತಿತ್ತು. ಆಸ್ಪತ್ರೆಗೂ ನಗುವಿಗೂ ನಂಟು ಕನ್ನಡದಲ್ಲಿ ಹೊಸದಲ್ಲ ಎಂದು ಗೆಳತಿಗೆ ಹೇಳಿದರೆ ಅವಳು ಆಗಲೇ ಗೊರೂರಿನ ಶಾಲೆಯ ಮಕ್ಕಳ ಜೊತೆ ಗುಳ್ಳೆ ಬಿಡುತ್ತಿದ್ದಳು.

ಅರಕಲಗೂಡಿನ ದಾರಿಯಲ್ಲಿ ಹೊಲಗಳ ನಡುವೆ ಎತ್ತರದ, ಕಿಟಕಿಯಿಲ್ಲದ ಕಟ್ಟಡಗಳು. ಯಾವ ದೇವರ ಗುಡಿ ಎಂದು ಕೇಳಿದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಂತೆ. ಈ ತಾಲ್ಲೂಕು ಹೊಗೆಸೊಪ್ಪಿನದು. ರಾಮನಾಥಪುರದಲ್ಲಿ ಅದರ ಹರಾಜು ಕಟ್ಟೆಯೇ ಇದೆ. ಸಂಜೆಗೆ ನಾವು ಸೇರಿದ ಹಳ್ಳಿಯಲ್ಲಿ ಮೂಡಲಪಾಯದ ತಾಲೀಮು ನಡೆಯುತ್ತಿದೆ. ಕೊಯ್ಲು ಮುಗಿದ ಮೇಲೆ ಭಾಗವತರೊಬ್ಬರು ಊರಿಗೆ ಬಂದು ತಿಂಗಳುಗಟ್ಟಲೆ ರಾತ್ರಿ ಹೊತ್ತು ಪಾಠ ಹೇಳುವುದು, ಊರವರು ಹಗಲು ದುಡಿದು ರಾತ್ರಿ ಪದ, ಮಾತು, ಕುಣಿತ ಕಲಿಯುವುದು ಇಲ್ಲಿನ ಪದ್ಧತಿ. ನಾಗಮಂಗಲ ತಾಲ್ಲೂಕಿನವರಾದ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಹಳ್ಳಿಹಳ್ಳಿ ಸುತ್ತಿ ಈ ಆಟವನ್ನು ದಾಖಲಿಸದೇ ಹೋಗಿದ್ದರೆ ಹೊರಗಿನ ನಮಗೆ ಇದರ ಗುರುತೇ ಸಿಗುತ್ತಿರಲಿಲ್ಲವೇನೋ. ನಾನು ಹುಟ್ಟಿದಂದಿನಿಂದ ಚೆಂಡೆಯ ಸದ್ದಿಗೆ ನಿದ್ದೆಗೆಟ್ಟವನು. ಇಲ್ಲಿ ಚೆಂಡೆ ಇಲ್ಲ. ಮುಖವೀಣೆಯ ಸಣ್ಣ ಚೂಪು ದನಿ ಇರುಳನ್ನು ಸೀಳುತ್ತದೆ. ಮದ್ದಲೆ, ತಾಳ ಅದರ ಹಿಂದೆ ಬರುತ್ತವೆ. ಪೆಟ್ಟಿಗೆಯಿಂದ ಹೊರತೆಗೆದ ಮರದ ಭುಜಕೀರ್ತಿಗಳನ್ನು ಯುವಕನೊಬ್ಬ ಜೋಪಾನವಾಗಿ ಒರೆಸುತ್ತಿದ್ದ. ಒಂದನ್ನು ಕೈಯಲ್ಲಿ ಹಿಡಿದೆ. ನೋಡಿದರೆ ಭಾರ, ಎತ್ತಿದರೆ ಹಗುರ.

ಆಟದಲ್ಲಿ ಮೊದಲು ಬರುವವನು ಕೋಡಂಗಿ. ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲೂ ಕೋಡಂಗಿ ಇದ್ದಾನೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಹೆಜ್ಜೆ ಕಲಿಯಲು, ಸಭಾಕಂಪ ಕಳೆದುಕೊಳ್ಳಲು ಪೂರ್ವರಂಗದಲ್ಲಿ ಆ ವೇಷ ಹಾಕುತ್ತಾರೆ. ಜನ ಇನ್ನೂ ಚುರುಮುರಿ ಕೊಳ್ಳುತ್ತಿರುತ್ತಾರೆ, ಯಾರೂ ಅಷ್ಟಾಗಿ ನೋಡುವುದಿಲ್ಲ. ಇಲ್ಲಿ ಹಾಗಲ್ಲ. ಕೋಡಂಗಿಯಾಗುವವನು ನಲವತ್ತು ದಾಟಿದ ಆಟೋ ಚಾಲಕ. ತಲೆಗೊಂದು ಚೂಪು ಟೋಪಿ ಇಟ್ಟು ಅಂಗಳಕ್ಕೆ ಬಂದವನೇ ಇಲ್ಲದ ಕಲ್ಲಿಗೆ ಎಡವಿದ. ತಾಳಕ್ಕೆ ಸರಿಯಾಗಿ ಎಡವುವುದು! ಮೂರನೆಯ ಪೆಟ್ಟಿಗೆ ಕಾಲು ತಪ್ಪಬೇಕು, ನಾಲ್ಕನೆಯದಕ್ಕೆ ಮೈ ವಾಲಬೇಕು, ಬೀಳಬಾರದು. ಜನ ಬಿದ್ದ ಎಂದುಕೊಂಡಾಗ ನಿಲ್ಲಬೇಕು, ನಿಂತ ಎಂದುಕೊಂಡಾಗ ಬೀಳಬೇಕು. ಭಾಗವತರು ಅದನ್ನು ಮತ್ತೆ ಮತ್ತೆ ಮಾಡಿಸಿದರು. "ತಾಳ ತಪ್ಪಿ ಬಿದ್ರೆ ಅದು ಬರೀ ಬೀಳೋದು ಕಣಪ್ಪ, ತಾಳಕ್ಕೆ ಬಿದ್ರೆ ಆಟ" ಎಂದರು. ಗೆಳತಿ ಎದ್ದು ಹೋಗಿ ಆಟೋ ಚಾಲಕನ ಪಕ್ಕ ನಿಂತು ತಾನೂ ಎಡವತೊಡಗಿದಳು. ಮೊದಲು ಹೆಂಗಸರೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡರು, ಆಮೇಲೆ ಭಾಗವತರು ಅವಳಿಗೂ ತಿದ್ದತೊಡಗಿದ್ದನ್ನು ಕಂಡು ನಿರಾಳವಾದರು.

ದೇವರಿಗಿಂತ ಮೊದಲು ಇವನೇಕೆ ಬರಬೇಕು ಎಂದು ಭಾಗವತರನ್ನು ಕೇಳಿದೆ. "ಇವನು ಬಂದು ಬಿದ್ದು ಎದ್ರೆ ಜನ ಸಡಿಲಾಗ್ತಾರೆ. ಬಿಗಿದು ಕೂತವ್ರ ಮುಂದೆ ದೇವ್ರು ಬಂದ್ರೂ ಏನು ಪ್ರಯೋಜನ ಸ್ವಾಮಿ?" ಎಂದರು. ಅವರ ಎಲೆಯಡಿಕೆ ಚೀಲದಲ್ಲಿ ನಮ್ಮ ಕಡೆಯ ಅಡಿಕೆಯೇ ಇತ್ತು. ಅದನ್ನು ಕಂಡು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ರಾಮನಾಥಪುರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನುಗಳು ಮೆಟ್ಟಿಲವರೆಗೂ ಬಂದು ಬಾಯಿ ತೆರೆಯುತ್ತವೆ. ಅವುಗಳನ್ನು ಯಾರೂ ಹಿಡಿಯುವುದಿಲ್ಲ. ಗೆಳತಿ ನೀರಿನ ಮೇಲೆ ಬಗ್ಗಿ ಮೀನಿನ ಮುಖ ಮಾಡಿದಳು. ಪುರಿ ಮಾರುವ ಅಜ್ಜಿ ಒಂದು ಪೊಟ್ಟಣ ಪುರಿಯನ್ನು ಪುಕ್ಕಟೆ ಕೊಟ್ಟರು.

ಹೊಳೆನರಸೀಪುರಕ್ಕೆ ಬಂದಾಗ ನಡುಮಧ್ಯಾಹ್ನ. ಬಸ್ಸಿನಲ್ಲಿ ನನ್ನ ಮಡಿಲಲ್ಲೊಂದು ಹುಂಜ ಇತ್ತು. ಅದರ ಯಜಮಾನರಿಗೆ ಕೂರಲು ಜಾಗ ಸಿಕ್ಕಿರಲಿಲ್ಲ, ಹುಂಜಕ್ಕೆ ನಾನು ಜಾಗ ಕೊಟ್ಟಿದ್ದೆ. ದಾರಿಯುದ್ದಕ್ಕೂ ಅದು ನನ್ನ ಅಂಗಿಯ ಗುಂಡಿಯನ್ನು ಧಾನ್ಯವೆಂದು ತಿಳಿದು ಕುಕ್ಕಿತು. ಲಕ್ಷ್ಮೀನರಸಿಂಹನ ಗುಡಿಗೆ ಹೋಗಿ, ಹೇಮಾವತಿಯ ದಂಡೆಗಿಳಿದು, ಮೊದಲೇ ಗೊತ್ತುಮಾಡಿದ್ದ ಮನೆಯೊಂದನ್ನು ಹುಡುಕಿಕೊಂಡು ಹೊರಟೆವು. ತೊಗಲುಗೊಂಬೆಯಾಡಿಸುವ ಅಜ್ಜನ ಮನೆ. ಅಜ್ಜನ ಸಮುದಾಯದವರು ಹಿಂದಿನಿಂದಲೂ ಹೊಳೆಯಲ್ಲಿ ಮೀನು ಹಿಡಿಯುತ್ತಾ, ಊರೂರಿಗೆ ಗೊಂಬೆ ಹೊತ್ತು ಹೋಗುತ್ತಾ ಬದುಕಿದವರು. ಮನೆಯೊಳಗೆ ಅವರವರೇ ಆಡುವುದು ಮರಾಠಿ ಬೆರೆತ ನುಡಿ, ಪರದೆಯ ಹಿಂದೆ ರಾಮಾಯಣ ಮಹಾಭಾರತ ಕನ್ನಡದಲ್ಲಿ.

ಅಜ್ಜ ಪೆಟ್ಟಿಗೆ ಬಿಚ್ಚುವ ಮುನ್ನ ಊದುಕಡ್ಡಿ ಹಚ್ಚಿದರು. ಒಂದೊಂದೇ ಗೊಂಬೆ ಮೇಲೆ ಬರುತ್ತದೆ. ಹದ ಮಾಡಿದ ಆಡಿನ ಚರ್ಮ, ಅದರಲ್ಲಿ ಕೊರೆದ ಸಾವಿರ ತೂತು, ಕೆಂಪು ಹಸಿರು ಬಣ್ಣ. ಬಾಗಿಲ ಬೆಳಕಿಗೆ ಹಿಡಿದರೆ ರಾಮ ಬಣ್ಣದ ಗಾಜಿನ ಕಿಟಕಿಯಂತೆ ಹೊಳೆಯುತ್ತಾನೆ. ರಾಮನ ಮೈಯಲ್ಲಿ ಅಲುಗುವುದು ಒಂದು ಕೈ ಮಾತ್ರ. ಆಮೇಲೆ ಅಜ್ಜ ತಳದಿಂದ ಕಿಳ್ಳೇಕ್ಯಾತನನ್ನು ತೆಗೆದರು. ಕಪ್ಪು ಮೈ, ಗುಂಗುರು ಕೂದಲು, ಡೊಳ್ಳು ಹೊಟ್ಟೆ, ದಪ್ಪ ತುಟಿ. ಇವನ ಕತ್ತು ಅಲುಗುತ್ತದೆ, ಸೊಂಟ ಅಲುಗುತ್ತದೆ, ಮೊಣಕೈ, ಮೊಣಕಾಲು, ಎಲ್ಲ ಬೇರೆ ಬೇರೆ ತುಂಡು, ದಾರದಲ್ಲಿ ಪೋಣಿಸಿದ್ದು. ಪಕ್ಕದಲ್ಲಿ ಹೆಂಡತಿ ಬಂಗಾರಕ್ಕ. ಎಲ್ಲಿ ಕಥೆಯ ದುಃಖ ಹೆಚ್ಚಾಗುತ್ತದೋ ಅಲ್ಲಿ ಇವರಿಬ್ಬರೂ ಜಗಳವಾಡುತ್ತಾ ಪರದೆಗೆ ಬರುತ್ತಾರೆ. ಅವರ ಮಾತು ಮನೆಮಂದಿಯ ಎದುರು ಹೇಳುವಂಥದ್ದಲ್ಲ. ಆದರೂ ಮನೆಮಂದಿಯೆಲ್ಲ ಕೂತು ನಗುತ್ತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಕೂಡಿಸಿದ ಗೊಂಬೆಗಳನ್ನು ನಾನು ಗಾಜಿನ ಹಿಂದೆ ನೋಡಿದ್ದೆ. ಅಜ್ಜನ ಬೆರಳಲ್ಲಿ ಕಿಳ್ಳೇಕ್ಯಾತ ಸೊಂಟ ತಿರುಗಿಸಿದಾಗಲೇ ಅವನು ಯಾರೆಂದು ತಿಳಿದದ್ದು.

ಈ ಆಟವನ್ನು ಹಳ್ಳಿಯವರು ಬರೀ ಮನರಂಜನೆಗೆ ಆಡಿಸುತ್ತಿರಲಿಲ್ಲ. ಮಳೆ ಹೋದರೆ ಆಡಿಸುತ್ತಿದ್ದರು. ದನಕರುಗಳಿಗೆ ರೋಗ ಬಂದರೆ ಆಡಿಸುತ್ತಿದ್ದರು. ದೇವರ ಕಥೆ ನಡೆದು, ಕಿಳ್ಳೇಕ್ಯಾತ ಬಂದು ನಗಿಸಿ ಹೋದರೆ ಊರಿಗೆ ಹಿಡಿದದ್ದು ಬಿಡುತ್ತದೆ ಎಂಬ ನಂಬಿಕೆ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹಬ್ಬಿದಾಗಲೂ ಒಂದು ಊರಿನವರು ಬಂದು ಕೇಳಿದ್ದರೆಂದು ಅಜ್ಜ ಹೇಳಿದರು. "ಡಾಕ್ಟ್ರು ಸೂಜಿ ಹಾಕಿ ಹೋಗಿದ್ರು. ಆದ್ರೂ ಜನಕ್ಕೆ ನಿದ್ದೆ ಇರ್ನಿಲ್ಲ. ರಾತ್ರಿಯೆಲ್ಲ ಕೊಟ್ಟಿಗೇಲೇ ಕೂತಿರೋರು. ಅದ್ಕೆ ಕರೆದ್ರು." ಲಸಿಕೆ ದನಕ್ಕೆ ಬೇಕಿತ್ತು, ಆಟ ಜನಕ್ಕೆ ಬೇಕಿತ್ತು. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬೇಕೆಂದು ಅಜ್ಜ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ 'ಮೂಢನಂಬಿಕೆ' ಎಂಬ ಒಂದೇ ಪದದಲ್ಲಿ ಇದನ್ನು ಗುಡಿಸಿ ಹಾಕುವವರ ಜೊತೆ ನಾನು ಒಪ್ಪಲಾರೆ. ಕೊಟ್ಟಿಗೆಯಲ್ಲಿ ಒಬ್ಬೊಬ್ಬರೇ ಹೆದರಿ ಕೂತ ಜನರನ್ನು ಅದು ಒಂದು ಪರದೆಯ ಎದುರು ಒಟ್ಟಿಗೆ ಕೂರಿಸಿತು.

ಕೇಳುತ್ತಾ ಕೇಳುತ್ತಾ ನನಗೆ ನಮ್ಮ ಆಟಿ ತಿಂಗಳು ಕಣ್ಣಿಗೆ ಕಟ್ಟಿತು. ಹೊರಗೆ ಕಾಲಿಡಲಾಗದ ಮಳೆ, ಅಕ್ಕಿ ಮುಗಿದ ಮುಡಿ, ಜ್ವರ ಕೆಮ್ಮು. ಆಗ ನಲಿಕೆ ಸಮುದಾಯದವರ ಆಟಿ ಕಳಂಜ ಬರುತ್ತಾನೆ. ಮೈಗೆ ತೆಂಗಿನ ಎಳೆಗರಿ, ಮುಖಕ್ಕೆ ಬಣ್ಣದ ಬೊಟ್ಟು, ಕೈಯಲ್ಲಿ ತಿರುಗಿಸುವ ತಾಳೆಗರಿಯ ಕೊಡೆ. ಮನೆಯಂಗಳದಲ್ಲಿ ವಿಚಿತ್ರವಾಗಿ ಕುಣಿದು, ಅಕ್ಕಿ, ಅರಿಸಿನ, ಇದ್ದಿಲು, ಮೆಣಸು ಪಡೆದು, ಊರಿನ ಮಾರಿಯನ್ನು ತನ್ನ ಜೊತೆ ಕರೆದುಕೊಂಡು ಹೋಗುತ್ತಾನೆ. ಚಿಕ್ಕವನಿದ್ದಾಗ ನಾನು ಅಜ್ಜಿಯ ಬೆನ್ನ ಹಿಂದಿನಿಂದ ಅವನನ್ನು ನೋಡಿ ಹೆದರುತ್ತಿದ್ದೆ, ನಗುತ್ತಲೂ ಇದ್ದೆ. ಘಟ್ಟದ ಕೆಳಗೆ ಕಳಂಜ, ಘಟ್ಟದ ಮೇಲೆ ಕಿಳ್ಳೇಕ್ಯಾತ. ಇಬ್ಬರನ್ನೂ ಊರು ಪಂಕ್ತಿಯ ಹೊರಗೆ ಇಟ್ಟಿತು, ಆದರೂ ತನ್ನ ರೋಗ ಹೊರಲು ಇವರನ್ನೇ ಕರೆಯಿತು ಎಂಬುದನ್ನೂ ನಾನು ಮರೆಯಲಾರೆ. ಈ ಕಲೆಯನ್ನು ಮೆಚ್ಚುವಾಗ ಆ ಅನ್ಯಾಯವನ್ನು ಬದಿಗಿಡಬಾರದು. ಅಜ್ಜನ ಮೊಮ್ಮಗ ಗಾರೆ ಕೆಲಸಕ್ಕೆ ಹೋಗುತ್ತಾನೆ. ಗೊಂಬೆ ಆಡಿಸಲು ಬರುತ್ತದೆ, ಆದರೆ ಕರೆಯುವವರು ವರ್ಷಕ್ಕೆ ಎಷ್ಟು ಜನ? ಹಳೆಯದಾಗಿ ಹರಿದ ಗೊಂಬೆಗಳನ್ನು ಎಸೆಯುವುದಿಲ್ಲ, ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ. ಹೊಸ ಗೊಂಬೆ ಕೊರೆಯುವವರು ಈಗ ಆ ಮನೆಯಲ್ಲಿಲ್ಲ.

ಚನ್ನರಾಯಪಟ್ಟಣ ತೆಂಗಿನ ಸೀಮೆ. ನಮ್ಮಲ್ಲೂ ತೆಂಗುಂಟು, ಆದರೆ ಅಡಿಕೆಯ ಬದಿಯಲ್ಲಿ. ಇಲ್ಲಿ ಕಣ್ಣು ಹರಿಯುವಷ್ಟು ದೂರ ತೆಂಗೇ ತೆಂಗು, ಅಟ್ಟದ ಮೇಲೆಲ್ಲ ಕೊಬ್ಬರಿ. ಹಗಲು ಹೊತ್ತು ಕಳೆಯಲು ನುಗ್ಗೇಹಳ್ಳಿಗೆ ಹೋದೆವು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ನಮ್ಮ ಮರದ ಮಾಡಿನ, ಇಳಿಜಾರು ಹೆಂಚಿನ ಗುಡಿಗಳ ಎದುರು ಈ ಕಲ್ಲಿನ ಸಿರಿ ನೋಡಿ ಮಾತು ಹೊರಡಲಿಲ್ಲ. ಭರತಮುನಿ ಹಾಸ್ಯರಸಕ್ಕೆ ಪ್ರಮಥರನ್ನು, ಶಿವನ ಗಣಗಳನ್ನು ಅಧಿದೇವತೆ ಮಾಡಿದ್ದಾನೆ. ಆ ನೆನಪಿನಲ್ಲಿ ನಾನು ದೇವರುಗಳನ್ನು ಬಿಟ್ಟು ಅವರ ಕಾಲಬುಡದ ಗಿಡ್ಡ ಮೂರ್ತಿಗಳನ್ನೇ ನೋಡುತ್ತಾ ಸುತ್ತಿದೆ. ಕತ್ತು ನೋಯಲಿಲ್ಲ, ಸೊಂಟ ನೋಯಿತು.

ರಾತ್ರಿ ಹತ್ತರ ಮೇಲೆ ಹತ್ತಿರದ ಹಳ್ಳಿಯೊಂದರಲ್ಲಿ ಆಟ. 'ಕರಿಭಂಟನ ಕಾಳಗ', ಈ ಸೀಮೆಗೆ ತೀರ ಅಚ್ಚುಮೆಚ್ಚಿನ ಪ್ರಸಂಗ. ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಕೂತಿದ್ದೇವೆ. ಥಂಡಿ ಟಾರ್ಪಾಲಿನ ಮೂಲಕ ಮೂಳೆಗೆ ಏರುತ್ತಿದೆ. ಪಕ್ಕದ ಅಜ್ಜಿ ತಮ್ಮ ಕಂಬಳಿಯ ಅರ್ಧವನ್ನು ನನ್ನ ಮೇಲೆ ಎಳೆದು ಹಾಕಿದರು, ಕೇಳಲಿಲ್ಲ, ಹೆಸರೂ ವಿಚಾರಿಸಲಿಲ್ಲ. ತೆರೆ ಸರಿದು ರಾಜವೇಷ ಬಂದು ಅಬ್ಬರಿಸುತ್ತದೆ. ಅವನ ಎದುರು ಹನುಮನಾಯಕ. ಬಂದವರು ಯಾರು, ಎಲ್ಲಿಯವರು ಎಂದು ಕೇಳುವುದು ಅವನ ಅಧಿಕಾರ. ರಾಜ ತನ್ನ ಬಿರುದುಗಳನ್ನು ಒಂದೊಂದೇ ಹೇಳುತ್ತಾನೆ, ಇವನು ಒಂದೊಂದನ್ನೂ ತಪ್ಪಾಗಿ ಕೇಳಿಸಿಕೊಳ್ಳುತ್ತಾನೆ. ರಾಜ ಸಪ್ತಸಾಗರ ಎಂದರೆ ಇವನು ಬತ್ತಿದ ಬೋರ್‌ವೆಲ್ ಎನ್ನುತ್ತಾನೆ. ರಾಜ ಭಂಡಾರ ಎಂದರೆ ಇವನು ಈ ವಾರದ ಕೊಬ್ಬರಿ ರೇಟು ಕೇಳುತ್ತಾನೆ. ಜನ ಹೋ ಎಂದು ನಗುತ್ತಾರೆ. ನಮ್ಮ ಯಕ್ಷಗಾನದ ಮಿಜಾರು ಅಣ್ಣಪ್ಪನವರ ಹಾಸ್ಯ ಕಂಡ ನನಗೆ ಈ ಕಲೆಯ ಪರಿಚಯವಿತ್ತು; ಆದರೆ ಇಲ್ಲಿ ಹಾಸ್ಯಗಾರನಿಗೂ ಪ್ರೇಕ್ಷಕರಿಗೂ ನಡುವೆ ರಂಗಸ್ಥಳದ ಎತ್ತರವೇ ಇಲ್ಲ. ಅವನು ಟಾರ್ಪಾಲಿನೊಳಗೇ ಬಂದು ಯಾರದೋ ಕಡ್ಲೆಕಾಯಿ ತಿಂದು ಹೋಗುತ್ತಾನೆ.

ಮೂರನೆಯ ಜಾವದಲ್ಲಿ ಅವನು ನಮ್ಮ ಸಾಲಿಗೆ ಬಂದು ಪಕ್ಕದ ಅಜ್ಜಿಯ ಎದುರು ಮಂಡಿಯೂರಿ, ಮಹಾರಾಣಿಯವರು ಅಪ್ಪಣೆ ಕೊಟ್ಟರೆ ಯುದ್ಧ ಶುರು ಮಾಡುತ್ತೇನೆ ಎಂದ. ಅಜ್ಜಿ ಅವನ ತಲೆಗೆ ಮೊಟಕಿದರು. ಮತ್ತೆ ನನ್ನ ಕಡೆ ತಿರುಗಿ, "ಓದೊರ್ಷ ನಾನು ಆಟಕ್ಕೆ ಬರ್ನಿಲ್ಲ ಕಣಪ್ಪ. ನಮ್ ಯಜಮಾನ್ರು ಓಗ್ಬುಟ್ಟಿದ್ರು. ಆಚೆಗೇ ಬತ್ತಿರ್ನಿಲ್ಲ. ಈ ಸಲ ಇವ್ನೇ ಮನೇತಾವ ಬಂದು, ನೀನು ಬರ್ದಿದ್ರೆ ವೇಸ ಕಟ್ಟಾಕಿಲ್ಲ ಅಂತ ಬಾಗ್ಲಲ್ಲೇ ಕುಂತ್ಕಂಡ" ಎಂದರು. ಹೇಳುತ್ತಾ ಹೇಳುತ್ತಾ ಅವರ ಕಣ್ಣು ಅಂಗಳದ ಕಡೆಗೇ ಇತ್ತು. ಆಗಲೇ ಅವನು ಇನ್ನೇನೋ ಮಾಡಿದ್ದ, ಅಜ್ಜಿಯ ಮೈಯೆಲ್ಲ ನಗುವಿನಿಂದ ಕುಲುಕಿತು. ಅರ್ಧ ಕಂಬಳಿಯೊಳಗಿದ್ದ ನಾನೂ ಅಲುಗಿದೆ.

ಬೆಳಕು ಹರಿದ ಮೇಲೆ ಶಾಲೆಯ ಜಗಲಿಯಲ್ಲಿ ಹನುಮನಾಯಕ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಅರುವತ್ತರ ಹತ್ತಿರದವರು. ಬಣ್ಣದ ಕೆಳಗಿದ್ದದ್ದು ತುಂಬ ಗಂಭೀರವಾದ, ಸ್ವಲ್ಪ ನಾಚಿಕೆಯ ಮುಖ. ಗೆಳತಿ ತನ್ನ ಕೆಲಸದ ವಿಷಯ ಹೇಳಿದಳು: ವಾರ್ಡು, ಬೂಟು, ಬೇಡ ಎಂದರೆ ಹಿಂದೆ ಸರಿಯುವುದು. ಅವರು ಟೀ ಲೋಟ ಕೆಳಗಿಟ್ಟು ಪೂರ್ತಿ ಕೇಳಿದರು. ಮಕ್ಕಳು ಅತ್ತರೆ ಏನು ಮಾಡುತ್ತೀ, ಸಾಯುವ ಮಗುವಿದ್ದರೆ ಅಲ್ಲಿಗೂ ಹೋಗುತ್ತೀಯಾ ಎಂದು ಕೇಳಿದರು. ಹೋಗುತ್ತೇನೆ, ಅಲ್ಲಿ ಹೆಚ್ಚಾಗಿ ಸುಮ್ಮನೆ ಕೂರುತ್ತೇನೆ, ಬೆರಳಷ್ಟೇ ಆಡಿಸುತ್ತೇನೆ ಎಂದಳು. ಅವರು ತಲೆಯಾಡಿಸಿದರು. ಅರಕಲಗೂಡಿನ ಕಡೆ ಎಡವುವುದು ಕಲಿತದ್ದನ್ನು ತೋರಿಸು ಎಂದರು. ಅವಳು ಜಗಲಿಯಿಂದ ಇಳಿದು, ತಾಳ ಬಾಯಲ್ಲೇ ಹೇಳಿಕೊಂಡು, ಎಡವಿದಳು.

"ಇನ್ನೂ ಎದರ್ಕತೀಯ ಕಣವ್ವ, ಬೀಳೋಕ್ ಮುಂಚೆ ನೆಲ ನೋಡ್ತೀಯ. ಜನದ ಮಕ ನೋಡ್ಬೇಕು" ಎಂದರು. ತಾವೇ ಎದ್ದು, ರಾತ್ರಿಯಿಡೀ ಕುಣಿದ ಕಾಲಿನಲ್ಲಿ, ನಮ್ಮ ಕಣ್ಣಿನಿಂದ ಕಣ್ಣು ತೆಗೆಯದೆ ಬಿದ್ದು ತೋರಿಸಿದರು. ಧೂಳು ಕೊಡವಿಕೊಂಡು ಮತ್ತೆ ಟೀ ಲೋಟ ಎತ್ತಿದರು. ಹೆಂಗಸರು ಈ ಆಟದಲ್ಲಿ ಕೋಡಂಗಿ ಕಟ್ಟಿದ್ದುಂಟಾ ಎಂದು ನಾನು ಕೇಳಿದೆ. ನಾನಂತೂ ಕಂಡಿಲ್ಲ ಎಂದರು. ಸ್ವಲ್ಪ ಹೊತ್ತು ಟೀ ಕುಡಿದರು.

"ಯುಗಾದಿ ಕಳುದ್ಮೇಲೆ ಪಕ್ಕದೂರಲ್ಲಿ ಇನ್ನೊಂದಾಟ ಐತೆ. ಬಾಗವತ್ರನ್ನ ನಾನು ಕೇಳ್ತೀನಿ, ಒಪ್ತಾರೆ. ಆದ್ರೆ ತಾಲೀಮ್ ತಪ್ಪಿಸ್ಬಾರ್ದು ಕಣವ್ವ. ರಾತ್ರಿ ಊಟ ಆದ್ಮೇಲೆ ಶುರು, ಮೂರ್ಗಂಟೆವರ್ಗೂ ನಡೀತದೆ."